ಪತ್ತೇದಾರಿ ಬರವಣಿಗೆಯಲ್ಲಿ ಸ್ನಾತಕೋತ್ತರ ಪದವಿ: ಹಾಸನದಿಂದಲೇ ತಯಾರಿ ಹೇಗೆ?

ಕೊಲೆ, ತನಿಖೆ, ರೋಚಕ ಕಥೆ ಬರೆಯುವುದನ್ನೇ ಸ್ನಾತಕೋತ್ತರ ಪದವಿಯಾಗಿ ಓದಬಹುದೇ? ಓದಬಹುದು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ ಅಪರಾಧ ಕಾದಂಬರಿಗೆಂದೇ ಒಂದು ಎಂ.ಎ. ರೂಪಿಸಿದೆ. ಸೃಜನಶೀಲ ಬರವಣಿಗೆಯ ಎಂ.ಎ.ಯನ್ನು 1970ರಲ್ಲೇ ಆರಂಭಿಸಿದ ಸಂಸ್ಥೆಯದು. ಕ್ರೈಮ್ ಮತ್ತು ಥ್ರಿಲ್ಲರ್ ಬರವಣಿಗೆಯ ಸ್ನಾತಕೋತ್ತರ ಪದವಿ ಕೇಂಬ್ರಿಜ್‌ನಲ್ಲೂ ಇದೆ. ಎರಡೂ ಎರಡು ವರ್ಷದ ಅರೆಕಾಲಿಕ ಕೋರ್ಸ್‌ಗಳು. ಮನೆಯಲ್ಲಿ ಕುಳಿತು ಓದುವುದರ ಜೊತೆಗೆ ಆಗಾಗ ಅಲ್ಲಿಗೆ ಹೋಗಿ ಉಳಿಯಬೇಕಾಗುತ್ತದೆ. ಈ ವರ್ಷ ಪ್ರವೇಶ ಇದೆಯೇ, ವಿದೇಶಿ ವಿದ್ಯಾರ್ಥಿಗಳಿಗೆ ಶುಲ್ಕ ಎಷ್ಟು, ವೀಸಾ ಯಾವುದು ಎಂಬುದನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲೇ ನೋಡಿ. ಏಜೆಂಟರ ಮಾತು ನಂಬಿ ಮುಂಗಡ ಕಟ್ಟಬೇಡಿ.

ಅಷ್ಟು ದುಡ್ಡಿಲ್ಲದವರಿಗೆ ಹಾಸನದಲ್ಲೇ ಇರುವ ಸ್ನಾತಕೋತ್ತರ ಕ್ಯಾಂಪಸ್ ಹೇಮಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಸೇರಿ, ಪತ್ತೇದಾರಿ ಕಾದಂಬರಿಯನ್ನೇ ಪ್ರಬಂಧದ ವಸ್ತುವಾಗಿ ಕೇಳಿಕೊಳ್ಳುವ ದಾರಿಯಿದೆ. ಎನ್. ನರಸಿಂಹಯ್ಯ, ಮ. ರಾಮಮೂರ್ತಿ ಬರೆದ ರಾಶಿ ನಮ್ಮ ಮುಂದಿದೆ. ನಾಲ್ಕನೇ ತರಗತಿಯವರೆಗೆ ಓದಿದ್ದ ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು ಎಂಬುದನ್ನು, ಪದವಿಯಿಲ್ಲದೆ ಪೆನ್ನು ಹಿಡಿಯಲಾರೆ ಎನ್ನುವವರು ಗಮನಿಸಲಿ.

ಮಾದರಿ ಅಧ್ಯಾಯ

ವಿದೇಶದ ಅರ್ಜಿಯಲ್ಲಿ ಅಂಕಪಟ್ಟಿಗಿಂತ ತೂಕದ್ದು ನಿಮ್ಮ ಬರವಣಿಗೆಯ ಮಾದರಿ. ಹೆಚ್ಚಿನವರು ಎಡವುವುದೂ ಇಲ್ಲೇ. ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಕೆರೆಯಲ್ಲಿ ತೋಟದ ರೈಟರ್‌ನ, ಅಂದರೆ ಲೆಕ್ಕ ಬರೆಯುವವನ, ಶವ ತೇಲುತ್ತಿದೆ ಎಂದುಕೊಳ್ಳಿ. ಇನ್‌ಸ್ಪೆಕ್ಟರ್ ಜೀಪಿನಿಂದ ಇಳಿದವನೇ ‘302 ಹಾಕ್ರೀ’ ಎಂದರೆ ಎರಡು ತಪ್ಪು. ಕೃತ್ಯ 2024ರ ಜುಲೈ 1ರಂದು ಅಥವಾ ಆಮೇಲೆ ನಡೆದಿದ್ದರೆ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103ನೇ ಸೆಕ್ಷನ್. ಅದಕ್ಕೂ ಹಿಂದಿನದಾದರೆ ಮಾತ್ರ ಹಳೆಯ ಭಾರತೀಯ ದಂಡ ಸಂಹಿತೆಯ 302. ಎರಡನೆಯದಾಗಿ, ಅದು ಕೊಲೆಯೆಂದು ಇನ್ನೂ ಯಾರಿಗೆ ಗೊತ್ತು? ಕಾರಣ ತಿಳಿಯದ ಸಾವು ಮೊದಲು ದಾಖಲಾಗುವುದು ಅಸ್ವಾಭಾವಿಕ ಮರಣವೆಂದು. ಠಾಣೆಯ ಭಾಷೆಯಲ್ಲಿ ಯುಡಿಆರ್. ಪಂಚರ ಎದುರು ಶವ ಮಹಜರು ನಡೆಯಬೇಕು, ಶವ ಮರಣೋತ್ತರ ಪರೀಕ್ಷೆಗೆ ಹೋಗಬೇಕು. ನೀರಿಗೆ ಬಿದ್ದಾಗ ರೈಟರ್‌ಗೆ ಜೀವವಿತ್ತೇ ಎಂಬುದಕ್ಕೆ ಮೂಳೆಯ ಮಜ್ಜೆಯಲ್ಲಿ ಕೆರೆಯ ಸೂಕ್ಷ್ಮ ಪಾಚಿ ಸಿಕ್ಕಿತೇ ಎಂದೂ ನೋಡುತ್ತಾರೆ.

ವರದಿ ಬರುವವರೆಗಿನ ಆ ಅವಧಿಯೇ ಕಥೆಗಾರನ ಜಮೀನು. ಕೊಯ್ಲು ಮುಗಿದರೆ ಲೈನ್ ಮನೆಯ ಕೂಲಿಯವರು ಊರಿಗೆ ಹೊರಟುಬಿಡುತ್ತಾರೆ, ಅವರ ಜೊತೆ ಸಾಕ್ಷಿಯೂ ಹೋಗುತ್ತದೆ. ಬಟವಾಡೆಯ ಪುಸ್ತಕ ಇನ್ನೂ ಮಾಲೀಕರ ಬೀರುವಿನಲ್ಲೇ ಇರುತ್ತದೆ. ಅದನ್ನು ತಿದ್ದಲು ಒಂದು ರಾತ್ರಿ ಸಾಕು. ಕಾರು ಬೆನ್ನಟ್ಟುವ ದೃಶ್ಯ ಬರೆಯುವ ಮೊದಲು ಈ ಪುಸ್ತಕದ ಬಗ್ಗೆ ಯೋಚಿಸಿ.

ಅಂತ್ಯದಲ್ಲೂ ಎಚ್ಚರ ಬೇಕು. ಆರೋಪಿ ಠಾಣೆಯಲ್ಲಿ ಕುಳಿತು ಎಲ್ಲವನ್ನೂ ಒಪ್ಪಿಕೊಂಡು ಅತ್ತರೆ ಓದುಗ ಕರಗಬಹುದು, ನ್ಯಾಯಾಧೀಶರು ಕರಗುವುದಿಲ್ಲ. ಪೊಲೀಸರ ಎದುರಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಹೇಳುತ್ತದೆ. ಆದರೆ ವಶದಲ್ಲಿರುವ ಆರೋಪಿ ಕೊಟ್ಟ ಸುಳಿವಿನಿಂದ ಕತ್ತಿಯೋ ಮೊಬೈಲೋ ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ನಿಲ್ಲುತ್ತದೆ. ಈ ಸಣ್ಣ ಕಿಂಡಿಯಲ್ಲಿ ಒಂದು ಕಾದಂಬರಿ ನುಸುಳಬಹುದು.

ಕೋರ್ಟಿನ ಹಿಂದಿನ ಬೆಂಚು

ಇದನ್ನೆಲ್ಲ ಪುಸ್ತಕದಿಂದ ಕಲಿಯುವುದಕ್ಕಿಂತ ಜಿಲ್ಲಾ ನ್ಯಾಯಾಲಯದಲ್ಲಿ ಕುಳಿತು ಕಲಿಯುವುದು ಲೇಸು. ಕೆಲವು ಬಗೆಯ ಪ್ರಕರಣಗಳನ್ನು ಬಿಟ್ಟರೆ ವಿಚಾರಣೆ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ. ಮೊಬೈಲ್ ಆಫ್ ಮಾಡಿ, ಸುಮ್ಮನೆ ಕುಳಿತುಕೊಳ್ಳಿ. ಪಾಟೀಸವಾಲಿನಲ್ಲಿ ಮಹಜರು ಸಾಕ್ಷಿಯೊಬ್ಬ ‘ಸಹಿ ಹಾಕು ಎಂದರು, ಹಾಕಿದೆ’ ಎಂದು ತಣ್ಣಗೆ ಹೇಳಿ ಪ್ರತಿಕೂಲವಾಗುವಾಗ ಸರ್ಕಾರಿ ಅಭಿಯೋಜಕರ ಮುಖ ನೋಡಿ. ಸಂಭಾಷಣೆಯ ಕಮ್ಮಟಗಳಲ್ಲಿ ಇದು ಸಿಗುವುದಿಲ್ಲ.

ಅಧ್ಯಾಯ ಮುಗಿದ ಮೇಲೆ ಪರಿಚಯದ ಕ್ರಿಮಿನಲ್ ವಕೀಲರಿಗೆ ಕೊಡಿ. ಕಥೆ ಹೇಗಿದೆ ಎಂದು ಕೇಳಬೇಡಿ, ಚೆನ್ನಾಗಿದೆ ಎಂದುಬಿಡುತ್ತಾರೆ. ‘ಇದು ಹೀಗೆ ನಡೆಯುತ್ತದೆಯೇ?’ ಎಂದು ಕೇಳಿ. ಈ ತಿದ್ದುಪಡಿ, ಇಂಗ್ಲಿಷ್ ಪರೀಕ್ಷೆ ಎರಡೂ ಅರ್ಜಿಯ ಕೊನೆಯ ದಿನಕ್ಕೆ ಎರಡು ತಿಂಗಳ ಮೊದಲೇ ಮುಗಿದಿರಲಿ. ಶಿಫಾರಸು ಪತ್ರ ಬರೆದುಕೊಡಬೇಕಾದ ಮೇಷ್ಟ್ರು ಕೊನೆಯ ವಾರದಲ್ಲಿ ಮೌಲ್ಯಮಾಪನಕ್ಕೆಂದು ಊರು ಬಿಟ್ಟಿರುತ್ತಾರೆ.