ಜೆರಾಕ್ಸ್ ಅಂಗಡಿಯ ಬೆಂಚು

ತಿಪಟೂರಿನಲ್ಲಿ ಒಂದು ಶಾಲೆಯ ಎದುರಿಗೆ ನನ್ನ ಜೆರಾಕ್ಸ್ ಅಂಗಡಿ ಇದೆ. ಎರಡು ಮೆಷಿನ್, ಒಂದು ಕಂಪ್ಯೂಟರ್, ಒಂದು ಕಲರ್ ಪ್ರಿಂಟರ್. ಪೆನ್ನು, ಗ್ರಾಫ್ ಶೀಟು, ಚಾರ್ಟು, ಥರ್ಮಾಕೋಲ್ ಕೂಡ ಇಡುತ್ತೇನೆ. ನಾನು ಮೇಷ್ಟ್ರಲ್ಲ, ಬಿ.ಕಾಂ. ಮುಗಿಸಿ ಅಂಗಡಿ ಹಾಕಿದವನು. ಆದರೂ ಮಕ್ಕಳ ಹೋಂವರ್ಕ್ ಬಗ್ಗೆ ನನಗೆ ಗೊತ್ತಿರುವಷ್ಟು ಈ ಬೀದಿಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ಯಾಕೆಂದರೆ ಬಹಳ ವರ್ಷ ಅದನ್ನು ಮಾಡಿಕೊಟ್ಟವನೇ ನಾನು.

ಸುಮ್ನೆ ಹೇಳುತ್ತಿಲ್ಲ. ನನ್ನ ಕಂಪ್ಯೂಟರಿನಲ್ಲಿ 'ಪ್ರಾಜೆಕ್ಟ್' ಅಂತ ಒಂದು ಫೋಲ್ಡರ್ ಇತ್ತು. ಜಲ ಮಾಲಿನ್ಯ, ಮಳೆ ನೀರು ಕೊಯ್ಲು, ಸ್ವಾತಂತ್ರ್ಯ ಹೋರಾಟಗಾರರು, ಸಮತೋಲನ ಆಹಾರ, ಹೀಗೆ ನಲವತ್ತಕ್ಕೂ ಜಾಸ್ತಿ ಫೈಲು. ಇಂಟರ್‌ನೆಟ್‌ನಿಂದ ಎತ್ತಿ, ಮುಖಪುಟಕ್ಕೆ ಹೂಬಳ್ಳಿ ಬಾರ್ಡರ್ ಹಾಕಿ, ಹೆಸರು ಬರೆಯಲು ಗೆರೆ ಎಳೆದು ಇಟ್ಟಿದ್ದೆ. ಎಫ್‌ಎ, ಅಂದರೆ ಶಾಲೆಯಲ್ಲೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನ, ಬಂತು ಅಂದರೆ ನನಗೆ ಸೀಸನ್. ಹತ್ತನೇ ತರಗತಿಯಲ್ಲಿ ಮೊದಲ ಭಾಷೆಗೆ 25, ಉಳಿದ ವಿಷಯಗಳಿಗೆ ತಲಾ 20 ಇಂಟರ್ನಲ್ ಅಂಕ. ಅದರಲ್ಲಿ ಚಟುವಟಿಕೆ, ಪ್ರಾಜೆಕ್ಟ್ ಎಲ್ಲ ಬರುತ್ತದೆ. ರಾತ್ರಿ ಎಂಟು ಗಂಟೆಗೆ ಅಪ್ಪಂದಿರು ಬೈಕ್ ಆಫ್ ಮಾಡದೆ ಕೇಳುವವರು: "ನಾಳೆ ಬೆಳಿಗ್ಗೆ ಕೊಡ್ಬೇಕಂತೆ, ಯಾವುದೋ ಒಂದು ಕೊಡಿ."

ಒಂದು ದಿನ ಸಂಜೆ ಎದುರಿನ ಶಾಲೆಯ ಮೇಷ್ಟ್ರು ಒಂದು ಕಟ್ಟು ಪೇಪರ್ ಹಿಡಿದು ಬಂದರು. ಜೆರಾಕ್ಸ್‌ಗೆ ಅಂದುಕೊಂಡೆ. ಅವರು ಕಟ್ಟು ಬಿಚ್ಚಿ ಗಾಜಿನ ಮೇಲೆ ಹನ್ನೊಂದು ಪ್ರಾಜೆಕ್ಟ್ ಸಾಲಾಗಿ ಹರಡಿದರು. ಎಲ್ಲವೂ ಜಲ ಮಾಲಿನ್ಯ. "ಕೈಬರಹದಲ್ಲೇ ಬೇಕು" ಅಂತ ಅವರು ಹೇಳಿದ್ದರಂತೆ, ಮಕ್ಕಳು ನನ್ನ ಪ್ರಿಂಟ್ ನೋಡಿ ಅಕ್ಷರಕ್ಕೆ ಅಕ್ಷರ ಇಳಿಸಿದ್ದರು. ಮೂರನೇ ಪುಟದ ಕೊನೆಯಲ್ಲಿ ಹನ್ನೊಂದು ಜನವೂ ಬರೆದಿದ್ದರು: "ಹೆಚ್ಚಿನ ಮಾಹಿತಿಗಾಗಿ ಇಲ್ಲಿ ಕ್ಲಿಕ್ ಮಾಡಿ." ಒಬ್ಬಳಂತೂ ಮುಖ್ಯವಾದ ಸಾಲು ಇರಬೇಕು ಅಂತ ಕೆಂಪು ಸ್ಕೆಚ್ ಪೆನ್ನಿನಲ್ಲಿ ಅಡಿಗೆರೆ ಎಳೆದಿದ್ದಳು. ಮೇಷ್ಟ್ರು ಸಿಟ್ಟು ಮಾಡಲಿಲ್ಲ. "ಎಲ್ಲಿ ಕ್ಲಿಕ್ ಮಾಡ್ಬೇಕು, ಸ್ವಲ್ಪ ತೋರಿಸ್ತೀರಾ?" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಹಾಗಂತ ಪುಣ್ಯಾತ್ಮನ ಹಾಗೆ ಅವತ್ತೇ ಫೋಲ್ಡರ್ ಡಿಲೀಟ್ ಮಾಡಲಿಲ್ಲ. ಅಂಗಡಿ ಬಾಡಿಗೆ ಕಟ್ಟಬೇಕಲ್ಲ. ಆ ಸೀಸನ್ ಮುಗಿಯುವ ತನಕ 'ಇಲ್ಲಿ ಕ್ಲಿಕ್ ಮಾಡಿ' ತೆಗೆದು ಮಾರಿದೆ. ಆಮೇಲೆ ಒಂದು ದಿನ ನನ್ನ ಮಗಳೇ ಶಾಲೆಯಿಂದ ಬಂದು, "ಅಪ್ಪಾ, ಆ ಫೋಲ್ಡರಿಂದ ಒಂದು ಹಾಕು" ಅಂದಳು. ಅವಳ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಬೇರೆಯವರ ಮಕ್ಕಳಿಗೆ ಕೊಡುವಾಗ ಬಂದಿತ್ತು ನೋಡಿ.

ಅಂಗಡಿಯ ಹಿಂಭಾಗದಲ್ಲಿ ಪೇಪರ್ ಬಂಡಲ್ ಇಡುತ್ತಿದ್ದ ಜಾಗ ಖಾಲಿ ಮಾಡಿ ಒಂದು ಬೆಂಚು ಹಾಕಿದೆ. ಸಂಜೆ ಐದರಿಂದ ಆರೂವರೆ ತನಕ ಯಾರು ಬೇಕಾದರೂ ಕೂತು ಹೋಂವರ್ಕ್ ಮಾಡಬಹುದು, ಗೊತ್ತಾಗದಿದ್ದರೆ ಕೇಳಬಹುದು. ದುಡ್ಡಿಲ್ಲ. ಮೊದಲ ತಿಂಗಳು ಪೂರ್ತಿ ಸೋತೆ. ನಾನು ಪಾಠ ಮಾಡಲು ಹೋದೆ, ಮಕ್ಕಳು ಆಕಳಿಸಿದರು. ಗಿರಾಕಿ ಕರೆದಾಗ ಎದ್ದು ಹೋಗುವ ಅವಸರದಲ್ಲಿ, "ಕೊಡಿಲ್ಲಿ" ಅಂತ ನೋಟ್‌ಬುಕ್ ಎಳೆದುಕೊಂಡು ನಾನೇ ಲೆಕ್ಕ ಬರೆದುಬಿಡುತ್ತಿದ್ದೆ. ಫೋಲ್ಡರ್ ಹೋಗಿ ನನ್ನ ಕೈ ಬಂದಿತ್ತು, ಅಷ್ಟೇ.

ಇದಕ್ಕೆ ದಾರಿ ಸಿಕ್ಕಿದ್ದು ಒಂದು ಸ್ಲೇಟಿನಿಂದ. ಮಾರಾಟಕ್ಕಿಟ್ಟ ಸ್ಲೇಟೊಂದರ ಕಟ್ಟು ಮುರಿದಿತ್ತು, ಅದನ್ನೇ ತೆಗೆದಿಟ್ಟುಕೊಂಡೆ. ಈಗ ನನ್ನ ಕೈಗೆ ಪೆನ್ನು ಬರುವುದಿಲ್ಲ, ಬಳಪ ಮಾತ್ರ. ಏನು ತೋರಿಸುವುದಿದ್ದರೂ ಸ್ಲೇಟಿನ ಮೇಲೆ. ತೋರಿಸಿ ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಒರೆಸಿದ ಮೇಲೆ ಮಗು ನೋಟ್‌ಬುಕ್ಕಿನಲ್ಲಿ ಮೊದಲಿಂದ ಬರೆಯಬೇಕು. ನಡುವೆ ಸಿಕ್ಕಿಹಾಕಿಕೊಂಡರೆ ಇನ್ನೊಂದು ಸಲ ಸ್ಲೇಟು. ಮೂರನೇ ಸಲಕ್ಕೆ ಬರುವ ಮಕ್ಕಳು ಕಡಿಮೆ.

ಇನ್ನೊಂದು ಅಭ್ಯಾಸ, ಪ್ರಶ್ನೆಯನ್ನು ಎರಡು ಸಲ ಗಟ್ಟಿಯಾಗಿ ಓದಿಸುವುದು. ಅರ್ಧ ಮಕ್ಕಳಿಗೆ ಉತ್ತರ ಗೊತ್ತಿರುತ್ತದೆ, ಪ್ರಶ್ನೆ ಏನು ಕೇಳುತ್ತಿದೆ ಅನ್ನುವುದೇ ಗೊತ್ತಿರುವುದಿಲ್ಲ. 'ವ್ಯತ್ಯಾಸ ತಿಳಿಸಿ' ಅಂದರೆ ಎರಡರ ಬಗ್ಗೆಯೂ ಗೊತ್ತಿದ್ದದ್ದೆಲ್ಲ ಬರೆದು ಬರುತ್ತಾರೆ, ಒಂದನ್ನು ಇನ್ನೊಂದರ ಪಕ್ಕ ಇಡುವುದಿಲ್ಲ. 'ಕಾರಣ ಕೊಡಿ' ಅಂದರೆ ಹೇಳಿಕೆಯನ್ನೇ ತಿರುಗಿಸಿ ಬರೆಯುತ್ತಾರೆ. ಇದಕ್ಕೆ ಮೇಷ್ಟ್ರನ್ನು ದೂರಿ ಪ್ರಯೋಜನವಿಲ್ಲ. ಐವತ್ತು ಮಕ್ಕಳಿರುವ ಕ್ಲಾಸಿನಲ್ಲಿ ಒಬ್ಬೊಬ್ಬರನ್ನೇ ಹೀಗೆ ಓದಿಸಲು ಆಗುತ್ತಾ?

ಒಂದು ಲೆಕ್ಕ ಹೇಳಲೇಬೇಕು. ಕೊಬ್ಬರಿ ಮಂಡಿಯವರ ಹುಡುಗನೊಬ್ಬ ಶೇಕಡ ಲೆಕ್ಕ ಹಿಡಿದು ಬಂದಿದ್ದ. ಪುಸ್ತಕದಲ್ಲಿ ಅಂಗಡಿಯವನೊಬ್ಬ ರೇಡಿಯೋ ಮಾರುವ ಲೆಕ್ಕ. ಈಗಿನ ಹುಡುಗನಿಗೆ ರೇಡಿಯೋ ಯಾಕೆ ಅಂತ, ಅವರ ಮನೆಯದೇ ಲೆಕ್ಕ ಕೊಟ್ಟೆ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ 2023ರಲ್ಲಿ ಕ್ವಿಂಟಲಿಗೆ 11,750 ರೂಪಾಯಿ, 2024ರಲ್ಲಿ 12,000. ಶೇಕಡ ಎಷ್ಟು ಏರಿತು? ಅವನು 250ನ್ನು 12,000ದಿಂದ ಭಾಗಿಸಿ 2.08 ಅಂದ.

"ಯಾವುದರಿಂದ ಭಾಗಿಸಿದೆ?"

"ಈಗಿನ ರೇಟಿಂದ."

"ಹಳೇ ರೇಟಿಂದ ಭಾಗಿಸಿದ್ರೆ?"

ಮಾಡಿದ. 2.13 ಬಂತು. "ಎರಡೂ ಹತ್ತಿರ ಹತ್ತಿರಾನೇ ಇದೆಯಲ್ಲಣ್ಣ" ಅಂದ. ನಿಜ, ಹತ್ತಿರವಿದ್ದಾಗಲೇ ತಪ್ಪು ಕಾಣುವುದಿಲ್ಲ. "ನಿಮ್ಮಪ್ಪ ನೂರು ರೂಪಾಯಿಗೆ ತಗೊಂಡಿದ್ದನ್ನ ಇನ್ನೂರಕ್ಕೆ ಮಾರಿದ್ರೆ ಎಷ್ಟು ಲಾಭ ಆಯ್ತು ಅಂತಾರೆ?" ಅಂತ ಕೇಳಿದೆ. "ಡಬಲ್. ನೂರಕ್ಕೆ ನೂರು." "ನಿನ್ನ ಥರ ಇನ್ನೂರರಿಂದ ಭಾಗಿಸು." ಸ್ಲೇಟು ನೋಡಿದ, ನನ್ನ ಮುಖ ನೋಡಿದ. "ಐವತ್ತು ಬರುತ್ತೆ. ಅಪ್ಪ ಒಪ್ಪಲ್ಲ." ಅಲ್ಲಿಗೆ ಲೆಕ್ಕ ಮುಗಿಯಿತು. ರೇಡಿಯೋ ಲೆಕ್ಕವನ್ನು ಅವನೇ ಮಾಡಿಕೊಂಡು ಹೋದ.

ಇಂಗ್ಲಿಷ್ ಮೀಡಿಯಂ ಮಕ್ಕಳ ಕಷ್ಟ ಬೇರೆ. ನನ್ನ ಮಗಳೂ ಅದರಲ್ಲೇ ಓದಿದಳು. ನಾನು, ನನ್ನ ಹೆಂಡತಿ ಇಬ್ಬರೂ ಕನ್ನಡ ಮೀಡಿಯಂ. ಅವಳು ಹತ್ತನೇ ತರಗತಿಗೆ ಬಂದಾಗ ವಿಜ್ಞಾನ ಪುಸ್ತಕ ತೆರೆದರೆ ನಮಗೆ ಹೆದರಿಕೆ. ನಮ್ಮ ರಾಜ್ಯದ ಪಠ್ಯಪುಸ್ತಕಗಳು ಕನ್ನಡ, ಇಂಗ್ಲಿಷ್, ಉರ್ದು, ಮರಾಠಿ, ತೆಲುಗು, ತಮಿಳು, ಹಿಂದಿ ಹೀಗೆ ಏಳು ಮಾಧ್ಯಮಗಳಲ್ಲಿ ಬರುತ್ತವೆ. ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಪುಕ್ಕಟೆ. ಪಾಠ ಅದೇ, ಚಿತ್ರ ಅದೇ, ಚಟುವಟಿಕೆಯೂ ಅದೇ. ಇಂಗ್ಲಿಷ್ ಪಾಠದ ಪಕ್ಕ ಕನ್ನಡ ಪಾಠದ ಪ್ರಿಂಟ್ ಇಟ್ಟುಕೊಂಡೆ. ಅವಳು ಅದನ್ನು ಓದುವಳು, ನಾನು ಇದನ್ನು. 'ರಿಫ್ರ್ಯಾಕ್ಷನ್' ಅನ್ನುವ ಪದದಿಂದ ಮಗುವಿಗೆ ಏನೂ ಹೊಳೆಯುವುದಿಲ್ಲ. 'ವಕ್ರೀಭವನ' ಅಂದರೆ ವಕ್ರ ಅನ್ನುವುದು ಅದರಲ್ಲೇ ಇದೆ, ಬೆಳಕು ಬಾಗುತ್ತದೆ ಅಂತ ಹೆಸರೇ ಹೇಳುತ್ತದೆ. ಎಲ್ಲ ಕಡೆ ಹೀಗೇ ಅಂತಲ್ಲ. 'ಪ್ರತ್ಯಾಮ್ಲ'ಕ್ಕಿಂತ 'ಬೇಸ್' ನಾಲಿಗೆಗೆ ಸುಲಭ, ಅಲ್ವಾ? ಯಾವುದು ಹತ್ತಿರವೋ ಅದನ್ನು ಹಿಡಿದು ಅರ್ಥ ಮಾಡಿಕೊಳ್ಳುವುದು, ಪರೀಕ್ಷೆಗೆ ಮಾತ್ರ ಅವಳ ಮಾಧ್ಯಮದ ಪದ ಬರೆಯುವುದು.

ಆ ಆಮ್ಲ, ಪ್ರತ್ಯಾಮ್ಲದ ಪಾಠದಲ್ಲೇ ಒಂದು ಪ್ರಶ್ನೆ ಬಂತು. ಬಿಳಿ ಬಟ್ಟೆ ಮೇಲಿನ ಸಾರಿನ ಕಲೆಗೆ ಸೋಪು ತಿಕ್ಕಿದರೆ ಯಾಕೆ ಕೆಂಪಾಗುತ್ತದೆ? ನಾನು ಕನ್ನಡ ಪುಸ್ತಕದಲ್ಲಿ ಹುಡುಕುತ್ತಿದ್ದೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ, "ಅರಿಶಿನ ಇರುತ್ತಲ್ಲ, ಅದಕ್ಕೆ. ಚೆನ್ನಾಗಿ ನೀರಲ್ಲಿ ಜಾಲಿಸಿದ್ರೆ ಮತ್ತೆ ಹಳದಿ ಆಗುತ್ತೆ" ಅಂದಳು. ಪುಸ್ತಕದಲ್ಲಿರುವುದೂ ಅದೇ. ಸೋಪು ಪ್ರತ್ಯಾಮ್ಲ, ಅರಿಶಿನ ಸೂಚಕ. ಅವತ್ತಿನಿಂದ ಮಗಳು ಅಡುಗೆಮನೆ ಬಾಗಿಲಲ್ಲೇ ಕೂತು ವಿಜ್ಞಾನ ಓದತೊಡಗಿದಳು.

ಇದನ್ನು ನಾನು ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ತಾಯಿಗೆ ಹೇಳಿದೆ. "ನಂಗೆ ಓದೋಕೇ ಬರಲ್ಲ, ಏನು ಹೇಳಿಕೊಡ್ಲಿ" ಅಂತ ಅವರು ಅಳುವುದೊಂದು ಬಾಕಿ. ಹೇಳಿಕೊಡಬೇಡಿ, ಹೇಳಿಸಿಕೊಳ್ಳಿ ಅಂದೆ. ರಾತ್ರಿ ರೊಟ್ಟಿ ತಟ್ಟುವಾಗ, "ಇವತ್ತು ಏನು ಮಾಡಿದ್ರು, ನಂಗೆ ಅರ್ಥ ಆಗೋ ಹಾಗೆ ಹೇಳು" ಅಂತ ಕೇಳುವುದು. ಮಗ ತೊದಲಿದ ಜಾಗ ಅವರಿಗೆ ಗೊತ್ತಾಗುತ್ತದೆ, ಅದಕ್ಕೆ ಓದು ಬರಬೇಕಿಲ್ಲ. ಮರುದಿನ ಆ ಹುಡುಗ ಬೆಂಚಿಗೆ ಬಂದು ಸರಿಯಾಗಿ ಅದೇ ಜಾಗ ಕೇಳುತ್ತಾನೆ.

ಹೋಂವರ್ಕ್ ಎಷ್ಟಿರಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿ ತನಕ ಹೋಂವರ್ಕೇ ಇರಬಾರದು. ಮೂರರಿಂದ ಐದಕ್ಕೆ ವಾರಕ್ಕೆ ಎರಡು ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ ಒಂದು ಗಂಟೆ, ಒಂಬತ್ತರ ಮೇಲೆ ದಿನಕ್ಕೆ ಎರಡು ಗಂಟೆ. ನನ್ನ ಅಂಗಡಿಗೆ ಒಂದನೇ ಕ್ಲಾಸಿನ ಮಗು ನಾಲ್ಕು ಪುಟ ಮಗ್ಗಿ ಹಿಡಿದು ಬರುತ್ತದೆ. ಅಂಥ ಮಗುವಿಗೆ ನಾನು ಮಗ್ಗಿ ಹೇಳಿಕೊಡುವುದಿಲ್ಲ, ಒಂದು ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸುತ್ತೇನೆ. ಅಮ್ಮ ಬಂದು ನೋಡಿ ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ.

ಪ್ರಾಜೆಕ್ಟ್ ವಿಷಯಕ್ಕೆ ಬರುತ್ತೇನೆ. ಫೋಲ್ಡರ್ ಇಲ್ಲ ಅಂದ ಮೇಲೆ ಮಕ್ಕಳು ಬೇರೆ ಅಂಗಡಿಗೆ ಹೋದರು. ನಿಜ ಹೇಳಬೇಕೆಂದರೆ ಎಫ್‌ಎ ಸೀಸನ್ನಿನ ವ್ಯಾಪಾರ ಅರ್ಧಕ್ಕೆ ಇಳಿಯಿತು. ಉಳಿದವರಿಗೆ ನಾನು ಒಂದೇ ಮಾತು ಹೇಳುತ್ತಿದ್ದೆ: ನಿಮ್ಮ ಮನೆಯಿಂದ ಅರ್ಧ ಕಿಲೋಮೀಟರಿನ ಒಳಗೆ ಇರುವುದನ್ನು ಹಿಡಿಯಿರಿ. ಹತ್ತಿರದ ಹಳ್ಳಿಯಿಂದ ಬಸ್ಸಿಗೆ ಬರುವ ಒಬ್ಬಳು ಉಂಡೆ ಕೊಬ್ಬರಿ ಮೇಲೆ ಬರೆದಳು. ಅವರ ಮನೆಯಲ್ಲಿ ಅಟ್ಟದ ತುಂಬ ಕಾಯಿ. ಎಂಟು ತಿಂಗಳಿಂದ ಒಂದು ವರ್ಷದ ತನಕ ಅಲ್ಲೇ ಇಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟುಕೊಂಡು ಉಂಡೆಯಾಗುತ್ತದೆ. ಇಷ್ಟನ್ನು ಅವಳು ಅಜ್ಜನ ಹತ್ತಿರ ಕೇಳಿ ಬರೆದಿದ್ದಳು. "ಆಗಿದೆ ಅಂತ ಅಜ್ಜನಿಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದೆ. ಗೊತ್ತಿಲ್ಲ ಅಂದಳು. ಮರುದಿನ ಬ್ಯಾಗಿನಲ್ಲಿ ಎರಡು ಕಾಯಿ ಹೊತ್ತುಕೊಂಡು ಬಂದಳು. ಒಂದನ್ನು ನನ್ನ ಕಿವಿ ಹತ್ತಿರ ಅಲ್ಲಾಡಿಸಿದಳು. ಗುಳುಗುಳು. ಇನ್ನೊಂದನ್ನು ಅಲ್ಲಾಡಿಸಿದಳು. ಗಟಗಟ. ಜೆರಾಕ್ಸ್‌ಗೆ ನಿಂತಿದ್ದವರೂ ಇಸಕೊಂಡು ಅಲ್ಲಾಡಿಸಿ ನೋಡಿದರು. ಅವಳ ಪ್ರಾಜೆಕ್ಟ್ ಐದೇ ಪುಟ, ಚಿತ್ರ ಅವಳೇ ಬರೆದದ್ದು. ನನ್ನ ಹಳೇ ಫೋಲ್ಡರಿನ ಫೈಲುಗಳು ಹದಿನೈದು ಪುಟಕ್ಕೆ ಕಡಿಮೆ ಇರಲಿಲ್ಲ.

ಆ ಹುಡುಗಿಯಂಥವರಿಗೆ ಐದು ಗಂಟೆಗೆ ಬಸ್ಸು, ಬೆಂಚಿನಲ್ಲಿ ಕೂರಲು ಆಗುವುದಿಲ್ಲ. ಅವರಿಗೆ ಊರಿನ ಗ್ರಾಮ ಪಂಚಾಯಿತಿ ಲೈಬ್ರರಿ ತೋರಿಸುತ್ತೇನೆ. ಅರಿವು ಕೇಂದ್ರ ಅಂತ ಬೋರ್ಡ್ ಇರುತ್ತದೆ. ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಆ ಪಾಠದ ವಿಡಿಯೋ ಸಿಗುತ್ತದೆ ಅನ್ನುವುದನ್ನೂ ತೋರಿಸುತ್ತೇನೆ. ಆ ಚೌಕ ಯಾಕಿದೆ ಅಂತ ಕೇಳಿದರೆ ಬಹಳ ಮಕ್ಕಳು "ಡಿಸೈನು" ಅನ್ನುತ್ತಾರೆ.

ಈಗ ಹೊಸ ಕಾಲ. ಮಕ್ಕಳಿಗೆ ನನ್ನ ಫೋಲ್ಡರ್ ಬೇಕಿಲ್ಲ, ಅಪ್ಪನ ಫೋನಿನಲ್ಲಿ ಎಐ ಇದೆ. ಪ್ರಶ್ನೆಯ ಫೋಟೋ ಹೊಡೆದರೆ ಉತ್ತರ ಸಿದ್ಧ. ಒಬ್ಬ ಹುಡುಗ 'ನಮ್ಮ ಊರಿನ ಕೆರೆ' ಪ್ರಬಂಧವನ್ನು ಹಾಗೆ ಬರೆಸಿ ಪ್ರಿಂಟ್‌ಗೆ ತಂದ. ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು. ನೀಲಿ ಅಲೆಗಳು, ವಿಹಾರದ ದೋಣಿ, ದಡದಲ್ಲಿ ಹಂಸ. ನಿಮ್ಮೂರ ಕೆರೆಯಲ್ಲಿ ದೋಣಿ ಇದೆಯಾ ಅಂದೆ. "ಕೆರೆಯಲ್ಲಿ ಕ್ರಿಕೆಟ್ ಆಡ್ತೀವಿ ಅಣ್ಣ" ಅಂದ. ಅದನ್ನೇ ಬರೆಯೋ ಮಾರಾಯ ಅಂತ ಕೂರಿಸಿದೆ. ಪಿಚ್ ಎಲ್ಲಿದೆ, ತೂಬು ಎಲ್ಲಿದೆ, ಮಳೆ ಬಂದರೆ ಆಟ ಎಷ್ಟು ದಿನ ನಿಲ್ಲುತ್ತದೆ ಅಂತ ಒಂದೂವರೆ ಪುಟ ಬರೆದ. ಕಾಗುಣಿತ ತಪ್ಪುಗಳನ್ನು ಹುಡುಕಲು ಮಾತ್ರ ಎಐಗೆ ಕೊಡು ಅಂದೆ.

ಅದನ್ನು ಮುಟ್ಟಲೇಬೇಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ಕೇಳುವ ರೀತಿ ಬದಲಿಸಿ ಅನ್ನುತ್ತೇನೆ. ಕೌಂಟರಿನ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: "ನಾನು ಎಂಟನೇ ತರಗತಿ. ಈ ಲೆಕ್ಕದ ಉತ್ತರ ಹೇಳಬೇಡ. ನಾನು ಇಲ್ಲಿಯ ತನಕ ಮಾಡಿದ್ದೇನೆ. ಎಲ್ಲಿ ತಪ್ಪಿದೆ ಅಂತ ಒಂದೇ ಒಂದು ಸುಳಿವು ಕೊಡು." ಇದನ್ನು ಹಾಗೇ ಟೈಪ್ ಮಾಡಿ, ತರಗತಿ ಮಾತ್ರ ನಿಮ್ಮದು ಹಾಕಿಕೊಳ್ಳಿ ಅಂತ. ಕೆಲವರು ಮಾಡುತ್ತಾರೆ. ಹಲವರು ಚೀಟಿ ಓದಿ ನಕ್ಕು ಉತ್ತರವನ್ನೇ ಕೇಳುತ್ತಾರೆ.

ಆ ಮೇಷ್ಟ್ರು ಈಗಲೂ ಎದುರಿನ ಶಾಲೆಯಲ್ಲೇ ಇದ್ದಾರೆ. ಕಳೆದ ಎಫ್‌ಎಯಲ್ಲಿ ಒಬ್ಬ ಹುಡುಗನ ಕೈಯಲ್ಲಿ ಚೀಟಿ ಕಳಿಸಿದ್ದರು: "ಇವನಿಗೆ ಮುಖಪುಟ ಮಾತ್ರ ಪ್ರಿಂಟ್ ಮಾಡಿಕೊಡಿ. ಒಳಗಿನದು ಅವನದೇ." ಮಾಡಿಕೊಟ್ಟೆ, ಹತ್ತು ರೂಪಾಯಿ ತಗೊಂಡೆ. ಹೂಬಳ್ಳಿ ಬಾರ್ಡರ್ ಮಾತ್ರ ಹಳೇ ಫೋಲ್ಡರಿನದೇ. ಅದೊಂದನ್ನು ಡಿಲೀಟ್ ಮಾಡಿಲ್ಲ.