ಅಡುಗೆ ಎಣ್ಣೆ ಕಮಟು ಹಿಡಿಯದಂತೆ ಕಾಪಾಡಿಕೊಳ್ಳುವ ಬಗೆ

ಎಣ್ಣೆ ಕಮಟುವುದು ಗಾಳಿಯ ಆಮ್ಲಜನಕದೊಡನೆ ಸೇರಿ ಕೆಡುವುದರಿಂದ; ಇದೇ ಉತ್ಕರ್ಷಣ. ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳೇ ಇದನ್ನು ತಡೆಯುವ ಉತ್ಕರ್ಷಣ ನಿರೋಧಕಗಳು ಎಂದು ಕೆಲವರು ತಿಳಿಯುವುದುಂಟು. ವಾಸ್ತವವಾಗಿ ಆ ಆಮ್ಲಜನಕಕ್ಕೆ ತುತ್ತಾಗುವುದೇ ಅಪರ್ಯಾಪ್ತ ಕೊಬ್ಬಿನಾಮ್ಲ, ಅಂದರೆ ಇಂಗಾಲದ ಪರಮಾಣುಗಳ ನಡುವೆ ದ್ವಿಬಂಧ (ಎರಡೆಳೆಯ ಬೆಸುಗೆ) ಇರುವ ಕೊಬ್ಬಿನಾಮ್ಲ. ಅದನ್ನು ಕಾಯುವುದು ಎಣ್ಣೆಯಲ್ಲಿ ಅತ್ಯಲ್ಪವಾಗಿರುವ ಟೋಕೋಫೆರಾಲ್ ಎಂಬ ಇ ಜೀವಸತ್ವ, ಎಳ್ಳಿನ ಸೆಸಮೋಲ್, ಅಕ್ಕಿ ತೌಡಿನ ಒರೈಜನಾಲ್ ಮೊದಲಾದವು. ಟೋಕೋಫೆರಾಲ್ ತನ್ನ ಹೈಡ್ರೋಜನ್ ಪರಮಾಣುವನ್ನು ಬಿಟ್ಟುಕೊಟ್ಟು ಉತ್ಕರ್ಷಣದ ಸರಪಳಿಯನ್ನು ಕಡಿಯುತ್ತದೆ, ಕಡಿಯುತ್ತಲೇ ತಾನೂ ಮುಗಿಯುತ್ತಾ ಹೋಗುತ್ತದೆ. ಅದು ಬೇಗ ಮುಗಿಯದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿದೆ.

ಕೊಳ್ಳುವಾಗಲೇ ಎಣ್ಣೆಯ ಸ್ವಭಾವವನ್ನು ಗಮನಿಸಿ. ಕೊಬ್ಬಿನಾಮ್ಲದಲ್ಲಿ ದ್ವಿಬಂಧಗಳು ಹೆಚ್ಚಿದಷ್ಟೂ ಅದು ಬೇಗ ಕೆಡುತ್ತದೆ. ಕೊಬ್ಬರಿ ಎಣ್ಣೆಯ ಸುಮಾರು ಶೇ. 90 ಭಾಗ ಪರ್ಯಾಪ್ತ (ದ್ವಿಬಂಧವಿಲ್ಲದ) ಕೊಬ್ಬಿನಾಮ್ಲವಾದ್ದರಿಂದ ಅದು ಬಹುಕಾಲ ತಾಳುತ್ತದೆ; ತಾಳುತ್ತದೆಂಬ ಮಾತ್ರಕ್ಕೆ ಹೃದಯಕ್ಕೆ ಅದೇ ಮೇಲೆಂದು ತಿಳಿಯಬಾರದು. ಮೂರು ದ್ವಿಬಂಧಗಳ ಲಿನೋಲೆನಿಕ್ ಆಮ್ಲವೇ ಅರ್ಧದಷ್ಟಿರುವ ಅಗಸೆ ಎಣ್ಣೆಯನ್ನು ಚಿಕ್ಕ ಬಾಟಲಿಯಲ್ಲಿ ತಂದು, ಫ್ರಿಜ್ಜಿನಲ್ಲಿಟ್ಟು, ಕಾಯಿಸದೆ ಚಟ್ನಿಪುಡಿಗೆ ಕಲಸಿಕೊಳ್ಳಬೇಕು. ಎಳ್ಳೆಣ್ಣೆಯಲ್ಲಿ ಬೇಗ ಕೆಡುವ ಲಿನೋಲಿಯಿಕ್ ಆಮ್ಲ ಶೇ. 40ರಷ್ಟಿದ್ದರೂ ಅದು ಉಪ್ಪಿನಕಾಯಿಯಲ್ಲಿ ಚೆನ್ನಾಗಿ ಬಾಳುತ್ತದೆ, ಏಕೆಂದರೆ ಎಳ್ಳನ್ನು ಹುರಿದಾಗ ಅದರಲ್ಲಿನ ಸೆಸಮೊಲಿನ್ ಒಡೆದು ಪ್ರಬಲವಾದ ಸೆಸಮೋಲ್ ಆಗುತ್ತದೆ.

ಇನ್ನು ಒಲೆಯ ಪಕ್ಕದ ಎಣ್ಣೆ ಪಾತ್ರೆಯನ್ನೊಮ್ಮೆ ಮುಟ್ಟಿ ನೋಡಿ. ಕಂಠದ ಸುತ್ತ ಬೆರಳಿಗೆ ಅಂಟುವ ಹಳದಿ ಪದರವು ಉತ್ಕರ್ಷಣಗೊಂಡು ಗಟ್ಟಿಯಾದ ಎಣ್ಣೆಯೇ ಆಗಿದೆ. ಅದರ ಮೇಲೆಯೇ ಹೊಸ ಎಣ್ಣೆ ಸುರಿದರೆ, ಹಳೆಯದರಲ್ಲಿ ಉತ್ಕರ್ಷಣದಿಂದ ಹುಟ್ಟಿದ ಪೆರಾಕ್ಸೈಡುಗಳೆಂಬ ವಸ್ತುಗಳು ಹೊಸದನ್ನೂ ಬೇಗ ಕೆಡಿಸುತ್ತವೆ. ಆದ್ದರಿಂದ ಪಾತ್ರೆ ಖಾಲಿಯಾದಾಗಲೆಲ್ಲ ಬಿಸಿನೀರು ಮತ್ತು ಸೋಪಿನಿಂದ ತೊಳೆದು, ನೀರಿನ ಪಸೆ ಉಳಿಯದಂತೆ ಒಣಗಿಸಿ, ಅನಂತರವೇ ತುಂಬಿಸಿ. ತಾಮ್ರ ಮತ್ತು ಕಬ್ಬಿಣ ಉತ್ಕರ್ಷಣವನ್ನು ತೀವ್ರಗೊಳಿಸುವುದರಿಂದ ಸ್ಟೀಲ್ ಅಥವಾ ಕಡುಬಣ್ಣದ ಗಾಜಿನ ಪಾತ್ರೆಯೇ ಉತ್ತಮ. ಅದನ್ನು ಬೆಳಕು ಮತ್ತು ಒಲೆಯ ಕಾವು ತಾಗದ ಕಡೆ, ಮುಚ್ಚಳ ಬಿಗಿದು ಇಡಿ.

ಕರಿಯುವಾಗ ಎಣ್ಣೆ ಹೊಗೆಯಾಡಲು ಬಿಡಬೇಡಿ. ಹೋಟೆಲುಗಳಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು (ಕಾಯಿಸಿದಂತೆಲ್ಲ ಎಣ್ಣೆ ಕೆಟ್ಟು ಅದರಲ್ಲಿ ಹೆಚ್ಚುವ ವಸ್ತುಗಳು) ಶೇ. 25 ಮೀರಿದ ಎಣ್ಣೆಯನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯುವ ಸಾಧನವಿರುವುದಿಲ್ಲವಾದ್ದರಿಂದ ಕಣ್ಣು ಮೂಗುಗಳನ್ನೇ ನೆಚ್ಚಬೇಕು: ಬಾಣಲೆಯಲ್ಲಿ ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ನೊರೆ ತಗ್ಗದೆ ನಿಂತರೆ, ಅಥವಾ ಕಮಟು ವಾಸನೆ ಬಂದರೆ, ಅದನ್ನು ಒಗ್ಗರಣೆಗೂ ಉಳಿಸಿಕೊಳ್ಳದೆ ಚೆಲ್ಲಿಬಿಡಿ.