60 ದಾಟಿದರೆ ನಡುಗುತ್ತಿದ್ದ ಸ್ಕೂಟರ್: ಫೋನ್ ಹಿಡಿದು ಚಕ್ರ ಹುಡುಕಿದ್ದು

ಸ್ಕೂಟರ್ 60 ದಾಟಿದರೆ ನಡುಗುತ್ತದೆ ಅಂದ ತಕ್ಷಣ ನಮ್ಮವರ ಕೈ ಸೀದಾ ಕೋನ್ ಸೆಟ್ಟಿಗೆ, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗಿಗೆ ಹೋಗುತ್ತದೆ. ಅದು ಹಾಕಿ ಆದ ಮೇಲೆ ಎಂಜಿನ್ ಕೂರುವ ರಬ್ಬರ್ ಬುಷ್. ಆಮೇಲೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಬೆಲ್ಟು, ರೋಲರ್. ಅಷ್ಟಕ್ಕೂ ಹೋಗದಿದ್ದರೆ ಮುಂದಿನ ಟೈರು. ನನ್ನ ಹತ್ತಿರ ಬಂದ ಗಾಡಿಗೆ ಇದೇ ಕ್ರಮದಲ್ಲಿ ಎಲ್ಲವೂ ಆಗಿತ್ತು. 125 ಸಿಸಿ, ಮುಂದೆ 12 ಇಂಚು, ಹಿಂದೆ 10 ಇಂಚು ಚಕ್ರ, ಸುಮಾರು 28 ಸಾವಿರ ಕಿಲೋಮೀಟರ್ ಓಡಿದ್ದು. ಗಾಡಿ ಒಬ್ಬ ಮೇಷ್ಟ್ರದ್ದು. ದಾವಣಗೆರೆಯಿಂದ ಹರಿಹರಕ್ಕೆ ಹೈವೇ ಮೇಲೆ ದಿನಾ ಓಡಾಟ. 55ಕ್ಕೆ ಶುರುವಾಗಿ 60-65ರಲ್ಲಿ ಹ್ಯಾಂಡಲ್ ಕಾಣುವ ಹಾಗೆ ಅಲುಗುತ್ತಿತ್ತು. 70 ದಾಟಿದರೆ ಸ್ವಲ್ಪ ಕಡಿಮೆ. ಬೇರೆ ಬೇರೆ ಗ್ಯಾರೇಜಿನಲ್ಲಿ ಒಟ್ಟು ಆರು ಸಾವಿರದ ಹತ್ತಿರ ಖರ್ಚಾಗಿತ್ತು. ನಡುಕ ಮಾತ್ರ ಎಲ್ಲಿತ್ತೋ ಅಲ್ಲೇ.

ನಾನು ಫೋನ್ ಇಟ್ಟು ನೋಡುತ್ತೇನೆ ಅಂದಾಗ ಪಕ್ಕದ ಗ್ಯಾರೇಜಿನವರು ನಕ್ಕರು. "ಮೊಬೈಲಲ್ಲಿ ಬೇರಿಂಗ್ ಕಾಣುತ್ತೇನಣ್ಣ?" ಅಂತ. ಕಾಣುವುದಿಲ್ಲ, ಸರಿ. ಆದರೆ ಸೆಕೆಂಡಿಗೆ ಎಷ್ಟು ಸಲ ನಡುಗುತ್ತಿದೆ ಅನ್ನುವುದು ಕಾಣುತ್ತದೆ. ನನಗೆ ಬೇಕಾಗಿದ್ದು ಅಷ್ಟೇ.

ಟೈರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೇಷ್ಟ್ರನ್ನು ಮೇಲೆ ಕೂರಿಸಿ, ಒಂದು ಸುತ್ತು ತಳ್ಳಿ ಟೇಪಿನಲ್ಲಿ ಅಳೆದೆ. ಮುಂದಿನದು 1.43 ಮೀಟರ್ ಆಸುಪಾಸು, ಹಿಂದಿನದು 1.33. ಅಂದರೆ 60ರಲ್ಲಿ ಮುಂದಿನ ಚಕ್ರ ಸೆಕೆಂಡಿಗೆ 11.7 ಸುತ್ತು, ಹಿಂದಿನದು 12.5. ಎಂಜಿನ್ ಆ ವೇಗದಲ್ಲಿ ಐದೂವರೆ ಸಾವಿರ ಆರ್‌ಪಿಎಂ ಇರುತ್ತದೆ, ಸೆಕೆಂಡಿಗೆ 90ರ ಮೇಲೆ. ಅದು ಅಂಗೈ ಜುಮ್ಮೆನ್ನಿಸುವ ನಡುಕ, ಹ್ಯಾಂಡಲ್ ಅಲುಗಾಡಿಸುವ ನಡುಕ ಅಲ್ಲ. ಕಣ್ಣಿಗೆ ಕಾಣುವ ಹಾಗೆ ಅಲುಗಿದರೆ ಅದು ಹೆಚ್ಚಾಗಿ ಚಕ್ರದ್ದೇ. ಹಾಗಾಗಿ ಈ ಗಾಡಿಗೆ ಬೆಲ್ಟು, ರೋಲರ್ ಹಾಕಿಸಿದ ದುಡ್ಡು ನೀರಿಗೆ ಹೋದ ಹಾಗೆಯೇ.

ಆಪ್ ಹೆಸರು ಫೈಫಾಕ್ಸ್. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಫ್ರೀ. ಅದರಲ್ಲಿ ಆಕ್ಸಿಲರೇಷನ್ ಸ್ಪೆಕ್ಟ್ರಮ್ ಅಂತ ಒಂದಿದೆ, ಸೆಕೆಂಡಿಗೆ ಎಷ್ಟು ಸಲದ ನಡುಕ ಜೋರಾಗಿದೆಯೋ ಅಲ್ಲಿ ಗೆರೆ ಎದ್ದು ತೋರಿಸುತ್ತದೆ. ತಾನಾಗಿ ಶುರುವಾಗಿ ತಾನಾಗಿ ನಿಲ್ಲುವ ಹಾಗೆ ಟೈಮರ್ ಇಡಬಹುದು, ಓಡಿಸುತ್ತಾ ಫೋನ್ ಮುಟ್ಟುವ ಹಾಗಿಲ್ಲ. ಹೇಳಿದಷ್ಟು ಸುಲಭ ಏನಲ್ಲ. ಮೊದಲು ಹ್ಯಾಂಡಲ್ಲಿನ ಮೊಬೈಲ್ ಹೋಲ್ಡರಿನಲ್ಲಿ ಇಟ್ಟೆ. ಹೋಲ್ಡರೇ ನಡುಗಿ ಗೆರೆಗಳೆಲ್ಲ ಕಲಸಿಹೋದವು. ಡಿಕ್ಕಿಯಲ್ಲಿ ಬಟ್ಟೆ ಸುತ್ತಿ ಇಟ್ಟರೆ ಏನೂ ಬರಲಿಲ್ಲ, ಬಟ್ಟೆಯೇ ಎಲ್ಲಾ ನುಂಗಿತು. ಕೊನೆಗೆ ಫ್ರೇಮಿನ ಒಂದು ಜಾಗ ಸಿಕ್ಕಿತು. ಎಲ್ಲಿ, ಏನು ಹಾಕಿ ಅಂಟಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಹುಡುಕಿದರೆ ನಿಮಗೂ ಸಿಗುತ್ತದೆ.

ಇನ್ನೊಂದು, ಮೀಟರ್ ನಂಬಬೇಡಿ. ಈ ಗಾಡಿಯಲ್ಲಿ ಮೀಟರ್ 60 ತೋರಿಸುವಾಗ ಜಿಪಿಎಸ್ ಪ್ರಕಾರ 55-56. ಆ ಲೆಕ್ಕ ತಪ್ಪಿದರೆ ಹಿಂದಿನ ಚಕ್ರದ ಗೆರೆ ಮುಂದಿನದರ ಜಾಗಕ್ಕೆ ಬಂದು ಕೂರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದು ಪಾಯಿಂಟೂ ಇಲ್ಲವಲ್ಲ. ಬೆಳಿಗ್ಗೆ ಬೇಗ ಹೈವೇಗೆ ಹೋಗಿ, ಜಿಪಿಎಸ್ 60ರಲ್ಲಿ ಕೈ ಅಲುಗಿಸದೆ ಹದಿನೈದು-ಇಪ್ಪತ್ತು ಸೆಕೆಂಡು ಹಿಡಿದೆ. ಗೆರೆ ಎದ್ದಿದ್ದು 12.5ರ ಹತ್ತಿರ. ಮತ್ತೆ 50ರಲ್ಲಿ ನೋಡಿದೆ, 10.4. ಎರಡೂ ಹಿಂದಿನ ಚಕ್ರಕ್ಕೆ ಸರಿಯಾಗಿ ಕೂತವು. ಮುಂದಿನ ಚಕ್ರದ ಜಾಗದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಹ್ಯಾಂಡಲ್ ಅಲುಗಿದರೆ ತಪ್ಪು ಮುಂದೆಯೇ ಇರಬೇಕು ಅನ್ನುವುದು ಎಲ್ಲರ ವಾದ. ಸ್ಕೂಟರಿನಲ್ಲಿ ಭಾರವೆಲ್ಲ ಹಿಂದೆ, ಮೂತಿ ಹಗುರ. ಹಿಂದೆ ಕುಣಿದದ್ದು ಮುಂದೆ ಕಾಣುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ ಎಕ್ಸಲೇಟರ್ ತಿರುಗಿಸಿ "ನೋಡು, ಹಿಂದಿನ ಚಕ್ರ ಚೆನ್ನಾಗೇ ಇದೆ" ಅನ್ನುವವರೂ ಇದ್ದಾರೆ. ಭಾರ ಇಲ್ಲದೆ ಗಾಳಿಯಲ್ಲಿ ತಿರುಗುವ ಚಕ್ರ, ಕೆಳಗೆ ಸ್ಟ್ಯಾಂಡೇ ಗಡಗಡ. ಅದರಿಂದ ಏನು ಗೊತ್ತಾಗುತ್ತದೆ? ನಾನಂತೂ ನಂಬುವುದಿಲ್ಲ.

ಹಿಂದಿನ ಟೈರ್ ಬಿಚ್ಚಿದೆ. ಒಳಗೆ ಪಂಕ್ಚರ್ ಜೆಲ್, ತೂತು ಬಿದ್ದರೆ ತಾನೇ ಮುಚ್ಚಲಿ ಅಂತ ಹಾಕುವುದು. ಹಸಿರು ಬಣ್ಣದ್ದು, ಅರ್ಧ ಒಣಗಿ, ವಾಲ್ವಿನ ಎದುರು ಬದಿಯಲ್ಲಿ ಒಂದು ಗೇಣು ಉದ್ದ ರಬ್ಬರಿನ ಹಾಗೆ ಕಚ್ಚಿಕೊಂಡಿತ್ತು. ಉಳಿದ ಕಡೆ ತೆಳ್ಳಗೆ ಸವರಿದ ಹಾಗಿತ್ತು. ಬೆರಳಲ್ಲಿ ಎಳೆದರೆ ನೂಲು ನೂಲಾಗಿ ಬರುತ್ತಿತ್ತು. ಆ ಗಡ್ಡೆಯನ್ನಷ್ಟೇ ಕೆರೆದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಹಾಕಿದಾಗ 60-70 ಗ್ರಾಂ ಬಂತು. ಇಷ್ಟೇನಾ ಅಂದ್ಕೋಬೇಡಿ. ಟೈರಿನ ಒಳಮೈಯಲ್ಲಿ, 60ರ ವೇಗದಲ್ಲಿ ಅದು ಏಳೆಂಟು ಕೆಜಿಯಷ್ಟು ಎಳೆಯುತ್ತದೆ. ಸೆಕೆಂಡಿಗೆ ಹನ್ನೆರಡು ಸಲ. 30ರಲ್ಲಿ ಎರಡು ಕೆಜಿಯ ಆಸುಪಾಸು ಅಷ್ಟೇ. ಊರೊಳಗೆ ಗೊತ್ತೇ ಆಗದೆ ಇದ್ದದ್ದು ಅದಕ್ಕೇ.

ಮೇಷ್ಟ್ರನ್ನು ಕೇಳಿದೆ. "ಹೌದಪ್ಪ, ಹೋದ ವರ್ಷ ಪಂಕ್ಚರ್ ಹಾಕುವಾಗ ಇನ್ನೂರು ರೂಪಾಯಿ ತಗೊಂಡು ಹಾಕಿದ್ರು. ಮೊದಮೊದಲು ಬೆಳಿಗ್ಗೆ ಹೊರಟಾಗ ಮಾತ್ರ ನಡುಗೋದು, ಆಮೇಲೆ ಸರಿಹೋಗೋದು" ಅಂದರು. ರಾತ್ರಿ ನಿಂತಾಗ ಕೆಳಗೆ ಇಳಿಯುತ್ತಿತ್ತು, ಓಡಿದ ಮೇಲೆ ಹರಡಿಕೊಳ್ಳುತ್ತಿತ್ತು. ಒಣಗಿದ ಮೇಲೆ ಇದ್ದಲ್ಲೇ ಉಳಿಯಿತು. ಈ ಮಾತನ್ನು ಮೊದಲೇ ಯಾರಾದರೂ ಕೇಳಿದ್ದರೆ ಆರು ಸಾವಿರ ಉಳಿಯುತ್ತಿತ್ತು, ಅಲ್ವಾ?

ಬಿಸಿನೀರು, ಬ್ರಷ್, ಒಂದು ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು. ಹಾಕಿ ಓಡಿಸಿದರೆ ನಡುಕ ಅರ್ಧಕ್ಕೆ ಇಳಿದಿತ್ತು. ಇನ್ನರ್ಧ ಹೋಗಲಿಲ್ಲ. ಪಕ್ಕದವರಿಗೆ ಮತ್ತೆ ಖುಷಿ.

ಮುಂದಿನ ಸರದಿ ರಿಮ್ಮಿನದು. ಬೈಂಡಿಂಗ್ ವೈರ್ ಕಟ್ಟಿ ತುದಿಯನ್ನು ರಿಮ್ಮಿನ ಅಂಚಿಗೆ ತಂದು ನಿಧಾನ ತಿರುಗಿಸಿದೆ. ಅಡ್ಡಕ್ಕೆ ಔಟ್, ಅಂದರೆ ಸೊಟ್ಟ, ಇರಲಿಲ್ಲ. ಎಲ್ಲರೂ ನೋಡುವುದು ಅಡ್ಡ ಔಟ್ ಮಾತ್ರ. ಮೇಲೆ-ಕೆಳಗೆ ಒಂದೂವರೆ ಮಿಲಿಮೀಟರ್ ಇತ್ತು, ಯಾವುದೋ ಗುಂಡಿಯ ಪ್ರಸಾದ. ಹೊಸ ರಿಮ್ ಅಂದರೆ ಮತ್ತೆ ಒಂದೂವರೆ ಸಾವಿರ. ಬೇಡ ಅಂತ ಟೈರನ್ನೇ ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಹಾಕಿದೆ, ರಿಮ್ಮಿನ ಉಬ್ಬಿಗೆ ಟೈರಿನ ತಗ್ಗು ಬರುವ ಹಾಗೆ. ಸೋಪಿನ ನೀರು ಧಾರಾಳ ಹಚ್ಚಿ ಗಾಳಿ ಹೊಡೆದು, ಅಂಚಿನ ಗೆರೆ ಸುತ್ತಲೂ ಸಮ ಕೂತಿದೆಯಾ ನೋಡಿದೆ. ಇದಿಷ್ಟಕ್ಕೆ ಖರ್ಚು ಸೊನ್ನೆ.

ಕೊನೆಗೆ ಬ್ಯಾಲೆನ್ಸ್. ಕಾರಿನ ವೀಲ್ ಬ್ಯಾಲೆನ್ಸ್ ಅಂಗಡಿಯಲ್ಲಿ ಸ್ಕೂಟರಿನ ಹಿಂದಿನ ಚಕ್ರ ಕೂರಿಸಲು ಅಡಾಪ್ಟರ್ ಇಲ್ಲ ಅಂದರು. ಹರಿಹರದಲ್ಲಿ ಒಬ್ಬ ಹಿರಿಯ ಟರ್ನರ್ ಇದ್ದಾರೆ, ಹಿಂದೆ ಅಲ್ಲಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮಾಡುತ್ತಿದ್ದವರು. ಅವರಿಂದ ಒಂದು ನೇರ ರಾಡು, ಚಕ್ರವನ್ನು ಅದರ ನಡುವೆ ಸರಿಯಾಗಿ ಹಿಡಿಯಲು ಎರಡು ಕೋನು ಲೇತಿನಲ್ಲಿ ಮಾಡಿಸಿದೆ. ನಾನ್ನೂರೈವತ್ತು ತಗೊಂಡರು. ಕೋನಿನ ಇಳಿಜಾರು (ಟೇಪರ್) ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನನ್ನ ದುಡ್ಡು ಹೋಗಿದೆ. ಎರಡು ಆಂಗಲ್ ಪಟ್ಟಿಗಳ ಅಂಚನ್ನು ಲೆವೆಲ್ ಮಾಡಿ, ಚಕ್ರ ಹಾಕಿದ ರಾಡನ್ನು ಮೇಲಿಟ್ಟು ಬಿಟ್ಟರೆ ಭಾರದ ಕಡೆ ತಾನೇ ಕೆಳಗೆ ಬಂದು ನಿಲ್ಲುತ್ತದೆ. ಕಾರಿನವರು ಅಂಟಿಸುವ 5 ಗ್ರಾಂ ತುಂಡುಗಳಲ್ಲಿ ಐದು ಹಿಡಿಯಿತು. ಥಿನ್ನರ್ ಹಾಕಿ ಒರೆಸದೆ ಅಂಟಿಸಿದರೆ ಹಾರಿಹೋಗುತ್ತವೆ, ಮೇಲೆ ಟೇಪನ್ನೂ ಸುತ್ತಿ.

ನಡುವೆ ಸುಮ್ನೆ ಇರಲಾರದೆ ಸೈಕಲ್ ಬಾಲ್ಸ್ ಒಂದು ಹಿಡಿ ಟೈರೊಳಗೆ ಹಾಕಿ ನೋಡಿದ್ದೂ ಉಂಟು. ವೇಗದಲ್ಲಿ ತಾವೇ ಹಗುರದ ಕಡೆ ಸರಿದು ಬ್ಯಾಲೆನ್ಸ್ ಮಾಡುತ್ತವೆ ಅಂತ ಎಲ್ಲೋ ಕೇಳಿದ್ದೆ. ವೇಗದಲ್ಲಿ ಪರವಾಗಿಲ್ಲ. ಆದರೆ ಸಿಗ್ನಲ್ಲಿಗೆ ನಿಲ್ಲಿಸುವಾಗ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿದ ಸದ್ದು. ಮೇಷ್ಟ್ರು ಒಂದೇ ದಿನಕ್ಕೆ ವಾಪಸ್ ತಂದರು. ಗಾಳಿಯನ್ನೂ ಆಡಿಸಿ ನೋಡಿದೆ. ಹಿಂದೆ 29 ಹೊಡೆಯಬೇಕಾದಲ್ಲಿ 40 ಹೊಡೆದರೆ ಇದೇ ನಡುಕ ಎದ್ದು ಕಾಣುತ್ತದೆ. 24ಕ್ಕೆ ಇಳಿಸಿದರೆ ಅಡಗುತ್ತದೆ, ವಾಸಿಯಾಗುವುದಿಲ್ಲ.

ಈಗ ಜಿಪಿಎಸ್ 75ರವರೆಗೂ ಗಾಡಿ ಶಾಂತ. ಫೋನಿನ ಗೆರೆ ಮೊದಲಿನ ಐದರಲ್ಲಿ ಒಂದು ಪಾಲೂ ಇಲ್ಲ. ನಾನು ತಗೊಂಡಿದ್ದು ಎಲ್ಲಾ ಸೇರಿ ಏಳುನೂರರ ಮೇಲೆ ಸ್ವಲ್ಪ. ಆಮೇಲೆ ಬಂದ ಗಾಡಿಗಳಲ್ಲೂ ಇದೇ ದಾರಿ ಹಿಡಿದೆ. ಅರ್ಧಕ್ಕಿಂತ ಜಾಸ್ತಿ ಹಿಂದಿನ ಚಕ್ರದ್ದೇ. ನಿಜವಾದ ಕೋನ್ ಸೆಟ್ ಕೇಸ್ ಒಂದೋ ಎರಡೋ ಇರಬಹುದು. ಮುಂದೆ-ಹಿಂದೆ ಒಂದೇ ಅಳತೆಯ ಚಕ್ರ ಇರುವ ಗಾಡಿಗೆ ಫೋನ್ ಲೆಕ್ಕ ಪೂರ್ತಿ ಸಹಾಯ ಮಾಡುವುದಿಲ್ಲ. ಅಲ್ಲಿ ಎರಡೂ ಚಕ್ರ ಬಿಚ್ಚಿ ರಾಡಿಗೆ ಹಾಕುವುದೇ. ಕ್ಲಚ್ ಬೆಲ್, ಎಂಜಿನ್ ಹ್ಯಾಂಗರ್ ಬುಷ್ಷಿನ ಜುಮ್ಮೆನ್ನುವ ನಡುಕಕ್ಕೂ ಅಗ್ಗದ ಫೋನ್ ಆಗುವುದಿಲ್ಲ, ಸುಳ್ಳು ಗೆರೆ ತೋರಿಸುತ್ತದೆ.

ಪಕ್ಕದ ಗ್ಯಾರೇಜಿನವರು ಈಗ ಚಕ್ರ ಬಿಚ್ಚಿ ನನ್ನ ಹತ್ತಿರವೇ ಕಳಿಸುತ್ತಾರೆ. ಒಂದಕ್ಕೆ ಇನ್ನೂರು. ಒಳಗೆ ಜೆಲ್ ಇದ್ದರೆ ಐವತ್ತು ಜಾಸ್ತಿ, ತೊಳೆಯುವವನು ನಾನೇ ಅಲ್ಲವೇ.